ಸಹಾಯ ಬೇಕು: ಶ್ರೀಲಂಕನ್ ಏರ್‌ಲೈನ್ಸ್ ಕುರಿತ ಎಂಬಿಎ ಪ್ರಬಂಧದಲ್ಲಿ ಒಂದು ತೊಡಕು

ಬಲ್ಲವರೆಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಎಂಬಿಎ ಕೊನೆಯ ಸೆಮಿಸ್ಟರ್ ಓದುತ್ತಿರುವ ನಾನು, ರಾಜಕೀಯ ಹಾಗೂ ಆರ್ಥಿಕ ಏರುಪೇರಿನ ನಡುವೆ ವಿಮಾನಯಾನ ಸಂಸ್ಥೆಯೊಂದು ತನ್ನ ಆಡಳಿತವನ್ನು ಹೇಗೆ ಬದಲಿಸಿಕೊಳ್ಳುತ್ತದೆ ಎಂಬುದರ ಅಧ್ಯಯನಕ್ಕೆ ಶ್ರೀಲಂಕಾ ಸರ್ಕಾರದ ಒಡೆತನದ ಶ್ರೀಲಂಕನ್ ಏರ್‌ಲೈನ್ಸನ್ನು ಆರಿಸಿಕೊಂಡಿದ್ದೇನೆ.

1998ರಲ್ಲಿ ದುಬೈನ ವಿಮಾನಯಾನ ಸಂಸ್ಥೆ ಎಮಿರೇಟ್ಸ್ ಇದರ ಆಡಳಿತ ವಹಿಸಿಕೊಂಡಿತು. 2001ರ ಜುಲೈನಲ್ಲಿ ಕೊಲಂಬೊ ಬಳಿಯ ಕಟುನಾಯಕೆ ವಿಮಾನ ನಿಲ್ದಾಣದ ಮೇಲೆ ಎಲ್‌ಟಿಟಿಇ ದಾಳಿ ನಡೆದು ವಿಮಾನಗಳು ಸುಟ್ಟುಹೋದರೂ ಸಂಸ್ಥೆ ಚೇತರಿಸಿಕೊಂಡಿತು. ಆದರೆ 2007ರ ಡಿಸೆಂಬರಿನಲ್ಲಿ, ಲಂಡನ್ನಿನಿಂದ ಮರಳುತ್ತಿದ್ದ ಅಧ್ಯಕ್ಷ ಮಹಿಂದ ರಾಜಪಕ್ಸ ಅವರ ಪರಿವಾರಕ್ಕೆ ಸೀಟು ಕೊಡಲೆಂದು, ಮೊದಲೇ ಟಿಕೆಟ್ ಪಡೆದಿದ್ದ ಇತರ ಪ್ರಯಾಣಿಕರನ್ನು ಬಿಟ್ಟುಬರಲು ಸಂಸ್ಥೆ ಒಪ್ಪದಿದ್ದಾಗ, ಸಿಇಒ ಅವರ ಕೆಲಸದ ಪರವಾನಗಿಯೇ ರದ್ದಾಯಿತು. ಕೆಲವು ಸೀಟುಗಳಿಗೆ ಇಷ್ಟೊಂದು ಬೆಲೆ! 2008ರಲ್ಲಿ ಒಪ್ಪಂದ ಮುಗಿಯುತ್ತಲೇ ಎಮಿರೇಟ್ಸ್ ಆಡಳಿತದಿಂದ ಹೊರನಡೆಯಿತು. 2022ರ ಆರ್ಥಿಕ ಕುಸಿತದ ಬಳಿಕ ಸಂಸ್ಥೆಯನ್ನು ಮಾರಾಟಕ್ಕಿಟ್ಟಿದ್ದರೂ, 2024ರಲ್ಲಿ ಬಂದ ಸರ್ಕಾರ ಆ ಮಾರಾಟವನ್ನು ಕೈಬಿಟ್ಟಿತು.

ಹಳೆಯದನ್ನು ಸಡಿಲಿಸುವುದು, ಬದಲಿಸುವುದು, ಹೊಸದನ್ನು ಗಟ್ಟಿಗೊಳಿಸುವುದು ಎಂಬ, ಸಂಸ್ಥೆಗಳ ಬದಲಾವಣೆಗೆ ಮನೋವಿಜ್ಞಾನಿ ಕರ್ಟ್ ಲೆವಿನ್ ಹೇಳಿದ ಮೂರು ಹಂತಗಳನ್ನು ಅನ್ವಯಿಸಿ ನೋಡಿದೆ. ಮೂರನೆಯದು ಬರುವಷ್ಟರಲ್ಲಿ ಸರ್ಕಾರದ ಮನಸ್ಸೇ ಬದಲಾಗಿರುತ್ತದೆ. ಬದಲಾವಣೆಯನ್ನು ಮುನ್ನಡೆಸಲು ನಿರ್ವಹಣಾ ತಜ್ಞ ಜಾನ್ ಕಾಟರ್ ಸೂಚಿಸಿದ ಎಂಟು ಹೆಜ್ಜೆಗಳೂ ನಾಯಕತ್ವ ಸ್ಥಿರವಾಗಿದೆ ಎಂದೇ ನಂಬಿಕೊಂಡಂತಿವೆ. ನಮ್ಮ ಮಾರ್ಗದರ್ಶಕರು ಕರಡಿನ ಅಂಚಿನಲ್ಲಿ ಕೆಂಪು ಶಾಯಿಯಿಂದ "ಇದು ಆಡಳಿತದ ಸೋಲೋ, ಮಾಲೀಕರ ಸೋಲೋ?" ಎಂದು ಬರೆದು ಹಿಂದಿರುಗಿಸಿದ್ದಾರೆ. ಎರಡು ವಾರದಿಂದ ಅಲ್ಲಿಯೇ ನಿಂತಿದ್ದೇನೆ.

ಮಾಲೀಕನೇ ಸರ್ಕಾರವಾಗಿರುವಾಗ ರಾಜಕೀಯ ಬದಲಾವಣೆಯನ್ನು ಹೊರಗಿನ ಒತ್ತಡವೆಂದು ಪರಿಗಣಿಸಬೇಕೇ, ಸಂಸ್ಥೆಯ ಒಳಗಿನ ಅಂಶವೆಂದೇ? ಇದಕ್ಕೆ ಹೊಂದುವ ಮಾದರಿ ಯಾವುದೆಂದು ದಯವಿಟ್ಟು ತಿಳಿಸುವಿರಾ?