ಬಾಣಂತಿ ತವರಲ್ಲಿ, ಮಗು 2.4 ಕೆ.ಜಿ.: ರಾತ್ರಿ ಪಾಳಿಯಲ್ಲಿ ಅಪ್ಪ ಏನು ಮಾಡಬಹುದು?

ಹಾವೇರಿ_ಅಳಿಯ:
ಮಗುವಿಗೆ ಮೂರು ವಾರ. 36 ವಾರಕ್ಕೇ ಹೆರಿಗೆಯಾಯಿತು, ಹುಟ್ಟಿದಾಗ 2.1 ಕೆ.ಜಿ., ಈಗ 2.4. ಎದೆಹಾಲು ಚೆನ್ನಾಗಿಯೇ ಕುಡಿಯುತ್ತಿದೆ. ಹಗಲು ಅತ್ತೆ ನೋಡಿಕೊಳ್ಳುತ್ತಾರೆ, ರಾತ್ರಿ ಹೆಂಡತಿಗೆ ಎರಡು ಗಂಟೆ ಒಟ್ಟಿಗೆ ನಿದ್ದೆಯಿಲ್ಲ. ನಾನು ಕೇಂದ್ರ ಸರ್ಕಾರಿ ನೌಕರ, ಸೋಮವಾರದಿಂದ ರಜೆ ಹಾಕಿ ಹೋಗುವವನಿದ್ದೇನೆ. "ಹಸಗೂಸು ಗಂಡಸರ ಕೈಗೆ ಕೊಡೋದಲ್ಲ" ಅನ್ನುತ್ತಾರೆ ಮನೆಯಲ್ಲಿ. ಬಾಟಲಿ ಹಾಲು ಕೊಟ್ಟು ರಾತ್ರಿಯಿಡೀ ನಾನೇ ನೋಡಿಕೊಂಡರೆ ಆಗುತ್ತಾ? ಆಗದಿದ್ದರೆ ನನ್ನ ಕೈಲಾಗುವ ಕೆಲಸ ಯಾವುದು?

ಶಿಶುವಾರ್ಡ್_ಸಿಸ್ಟರ್:
ಬಾಟಲಿ ಬೇಡ. ಹಾಲು ತರಿಸುವ ಹಾರ್ಮೋನು ರಾತ್ರಿಯಲ್ಲೇ ಹೆಚ್ಚು. ರಾತ್ರಿಯಿಡೀ ಕುಡಿಸದೆ ಬಿಟ್ಟರೆ ಮೊದಲು ಎದೆ ಕಟ್ಟಿಕೊಂಡು ನೋವು ಬರುತ್ತದೆ, ಆಮೇಲೆ ಹಾಲೇ ಕಡಿಮೆಯಾಗುತ್ತದೆ. ಅಲ್ಲದೆ ಬಾಟಲಿಯ ಸರಾಗ ರುಚಿ ಹತ್ತಿದ ಸಣ್ಣ ಮಗು ಎದೆ ಹಿಡಿಯಲು ತಕರಾರು ಮಾಡುತ್ತದೆ.

ಕುಡಿಸುವುದೊಂದನ್ನು ಬಿಟ್ಟು ರಾತ್ರಿಯ ಉಳಿದದ್ದೆಲ್ಲ ನಿಮ್ಮದಾಗಲಿ. ಒಂಬತ್ತಕ್ಕೆ ಕುಡಿಸಿ ಅವರು ಮಲಗಲಿ. ಇಷ್ಟು ತೂಕದ ಮಗುವಿಗೆ ಮೂರು ಗಂಟೆಗಿಂತ ಹೆಚ್ಚು ಅಂತರ ಸಲ್ಲ, ನಿದ್ದೆಯಲ್ಲಿದ್ದರೂ ಎಬ್ಬಿಸಬೇಕು, ಆ ಅಲಾರಾಂ ನಿಮ್ಮ ಫೋನಿನಲ್ಲಿರಲಿ. ಹನ್ನೆರಡಕ್ಕೆ ನೀವೇ ಲಂಗೋಟಿ ಬದಲಿಸಿ, ಮಗುವನ್ನು ತಾಯಿಯ ಪಕ್ಕಕ್ಕೆ ತಂದುಕೊಡಿ. ಕುಡಿದಾದ ಕೂಡಲೇ ವಾಪಸ್ ಎತ್ತಿಕೊಂಡು ಹೆಗಲ ಮೇಲೆ ಹತ್ತು ನಿಮಿಷ ತೇಗಿಸಿ. ತೇಗು ಬರದಿದ್ದರೂ ಹತ್ತು ನಿಮಿಷ ನೆಟ್ಟಗೆ ಹಿಡಿದಿದ್ದರೆ ಸಾಕು, ಬೆನ್ನು ಬಡಿಯುತ್ತಾ ಕೂರಬೇಡಿ. ತಾಯಿ ಎದ್ದಿರುವುದು ಇಪ್ಪತ್ತು-ಮೂವತ್ತು ನಿಮಿಷ ಮಾತ್ರ. ಈಗ ಹೆಚ್ಚು ಹೊತ್ತು ಹಿಡಿಯುತ್ತಿರುವುದು ಒದ್ದೆ ಬಟ್ಟೆ, ತೇಗು, ತೂಗಿ ಮಲಗಿಸುವುದು ಇವುಗಳಿಂದಲೇ.

ಎರಡನೆಯದು ಕಾಂಗರೂ ಆರೈಕೆ, ಅಂದರೆ ಮಗುವನ್ನು ಬರಿ ಎದೆಗೆ ಮೈ ತಾಗುವಂತೆ ಕಟ್ಟಿಕೊಳ್ಳುವುದು. 2.5 ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿಗೆ ದಿನಕ್ಕೆ 8ರಿಂದ 24 ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಅಷ್ಟೂ ಹೊತ್ತು ತಾಯಿಯೊಬ್ಬಳ ಎದೆಯ ಮೇಲೇ ಇರಬೇಕೆಂದೇನಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಸರ್ಕಾರಿ ಆಸ್ಪತ್ರೆಗಳಿಂದ ಮನೆಗಳವರೆಗೆ ಒಯ್ದು ನೋಡಿದ್ದಾರೆ.

ಸ್ನಾನ ಮಾಡಿ ಬನ್ನಿ, ಸೆಂಟು ಬೇಡ, ಎದೆಯ ಕೂದಲು ತೊಂದರೆಯಿಲ್ಲ. ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ. ಬರಿ ಎದೆಯ ನಡುವೆ ನೆಟ್ಟಗೆ ಇಟ್ಟು, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಗದ್ದ ತುಸು ಮೇಲಿರಲಿ. ಕಾಲುಗಳು ಕಪ್ಪೆಯಂತೆ ಮಡಚಿಕೊಳ್ಳಲಿ. ಹಳೆಯ ಹತ್ತಿ ಪಂಚೆಯನ್ನು ಮಗುವಿನ ಕಿವಿಯ ಕೆಳಭಾಗದವರೆಗೆ ಬರುವಂತೆ ಸುತ್ತಿ ಕಟ್ಟಿ, ಮೇಲೆ ಅಂಗಿ ಹಾಕಿಕೊಳ್ಳಿ. ಎಲ್ಲರೂ ಎಡವುವುದು ಇಲ್ಲೇ: ಕಟ್ಟು ಸಡಿಲಾದರೆ ಮಗು ಕೆಳಕ್ಕೆ ಜಾರಿ ಗದ್ದ ಎದೆಗೆ ಒತ್ತಿ ಉಸಿರಿಗೆ ಅಡ್ಡವಾಗುತ್ತದೆ. ಗದ್ದದ ಕೆಳಗೆ ಒಂದು ಬೆರಳು ತೂರಬೇಕು. ಒಮ್ಮೆ ಇಟ್ಟುಕೊಂಡರೆ ಕನಿಷ್ಠ ಒಂದು ಗಂಟೆ, ಇಲ್ಲವಾದರೆ ನಿದ್ದೆ ಕೆಡಿಸಿದ್ದೇ ಬಂತು. ಒರಗಿಕೊಂಡು ಕೂರಿ. ನಿದ್ದೆ ಎಳೆಯುತ್ತಿದ್ದರೆ ಮಗುವನ್ನು ತೆಗೆದು ಹಾಸಿಗೆಯಲ್ಲಿ ಅಂಗಾತ ಮಲಗಿಸಿ. ಸೋಫಾದಲ್ಲಿ ಮಗು ಇಟ್ಟುಕೊಂಡು ತೂಕಡಿಸುವುದು ಬಹಳ ಅಪಾಯ.

ಒಳಲೆ_ಪಕ್ಷ:
ಸಿಸ್ಟರ್ ಹೇಳಿದ್ದು ಸರಿ. ಆದರೆ ತಾಯಿ ತೀರಾ ಸುಸ್ತಾದ ದಿನ ಒಂದು ಸರದಿಯನ್ನು ಹಿಂಡಿದ ಹಾಲಿನಿಂದ ದಾಟಿಸಬಹುದು, ಮೂತಿಯಿರುವ ಪುಟ್ಟ ಒಳಲೆಯಲ್ಲಿ. ಹಾಗೆ ಮಾಡುವ ದಿನ ಮಲಗುವ ಮುಂಚೆ ಎದೆಹಾಲು ಹಿಂಡಿ ಮುಚ್ಚಳದ ಸ್ಟೀಲ್ ಬಟ್ಟಲಲ್ಲಿಡಿ. ಹೊರಗೆ ನಾಲ್ಕು ಗಂಟೆ, ಬೇಸಿಗೆಯಲ್ಲಿ ಇನ್ನೂ ಕಡಿಮೆ. ಫ್ರಿಜ್ಜಿನಲ್ಲಾದರೆ ಒಳಭಾಗದಲ್ಲಿಟ್ಟು ಒಂದು ದಿನದೊಳಗೆ ಮುಗಿಸಿ. ಬಾಗಿಲ ತಟ್ಟೆಯಲ್ಲಿ ಇಡಬೇಡಿ, ತೆರೆದಾಗಲೆಲ್ಲ ಬಿಸಿಯಾಗುತ್ತದೆ. ಕುಡಿಸುವಾಗ ಬಟ್ಟಲನ್ನು ಬಿಸಿನೀರಲ್ಲಿಡಿ, ಒಲೆಯ ಮೇಲೆ ಕಾಯಿಸಬಾರದು. ಮೇಲೆ ಕೆನೆ ನಿಂತಿರುತ್ತದೆ, ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಕುಡಿದು ಉಳಿದದ್ದನ್ನು ಮುಂದಿನ ಸರದಿಗೆ ಇಡಬೇಡಿ.

ಅಳತೆ: ಕೆ.ಜಿ.ಗೆ ದಿನಕ್ಕೆ ಸುಮಾರು 150 ಮಿ.ಲೀ. ಅಂದರೆ 2.4ಕ್ಕೆ 360, ಎಂಟು ಸರದಿಗೆ ಹಂಚಿದರೆ 45. ನಿಮ್ಮ ಡಾಕ್ಟರು ಬೇರೆ ಹೇಳಿದ್ದರೆ ಅದೇ ಲೆಕ್ಕ. ಒಳಲೆಯನ್ನು ಹತ್ತು ನಿಮಿಷ ನೀರಲ್ಲಿ ಕುದಿಸಿರಬೇಕು. ಮಗುವನ್ನು ಮಲಗಿಸಿ ಕುಡಿಸಬೇಡಿ, ತೊಡೆಯ ಮೇಲೆ ತಲೆ ಎತ್ತರಿಸಿ ಹಿಡಿಯಿರಿ. ಮೂತಿಯನ್ನು ಬಾಯಿಯ ಅಂಚಿನಲ್ಲಿ ಕೆಳತುಟಿಗೆ ತಾಗಿಸಿ ವಾಲಿಸಿ, ನುಂಗಿದ ಮೇಲೆ ಮುಂದಿನ ಗುಟುಕು. ಅಜ್ಜಿಯರು ಕೈಕಾಲು ಅಮುಕಿ ಗಂಟಲಿಗೆ ಸುರಿಯುವ ಕ್ರಮವಿದೆಯಲ್ಲ, ಅದು ನೆತ್ತಿಗೇರಿಸುವ ದಾರಿ.

ಇನ್ನೊಂದು: ವಿಟಮಿನ್ ಡಿ ಹನಿ ಬರೆದುಕೊಟ್ಟಿದ್ದರೆ ಆ ಜವಾಬ್ದಾರಿ ನೀವೇ ತೆಗೆದುಕೊಳ್ಳಿ. ದಿನಕ್ಕೆ 400 ಐಯು. ಅಂಗಡಿಯಲ್ಲಿ 1 ಮಿ.ಲೀ.ಗೆ 400 ಇರುವ ಸೀಸೆಯೂ ಇದೆ, 800 ಇರುವುದೂ ಇದೆ. ಎರಡನೆಯದಾದರೆ ಅರ್ಧ ಮಿ.ಲೀ. ಮಾತ್ರ. ಸೀಸೆ ಬದಲಾದಾಗ ಲೇಬಲ್ ಓದದೆ ಹಾಕುವುದೇ ದೊಡ್ಡ ತಪ್ಪು.

ಫೈಲುಗುಮಾಸ್ತ:
ರಜೆ ವಿಷಯ. ಕೇಂದ್ರ ನೌಕರರಿಗೆ 1972ರ ರಜಾ ನಿಯಮಗಳ 43-ಎ ಪ್ರಕಾರ 15 ದಿನ ಪಿತೃತ್ವ ರಜೆ, ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದವರಿಗೆ. ಹೆರಿಗೆಯಿಂದ ಆರು ತಿಂಗಳೊಳಗೆ ತೆಗೆದುಕೊಳ್ಳದಿದ್ದರೆ ಕಳೆದುಹೋದಂತೆ. ಗಳಿಕೆ ರಜೆ ಲೆಕ್ಕದಿಂದ ಕಡಿಯುವುದಿಲ್ಲ, ಬೇಕಾದರೆ ಅದನ್ನೇ ಮುಂದುವರಿಸಿ ಸೇರಿಸಬಹುದು. ಖಾಸಗಿಯವರಿಗೆ ಇಂಥ ಕಾನೂನೇ ಇಲ್ಲ, ಕಂಪನಿ ಕೊಟ್ಟಷ್ಟು.

ಹಾವೇರಿ_ಅಳಿಯ:
ಎಲ್ಲರಿಗೂ ಧನ್ಯವಾದ. ಎರಡು ವಿಷಯ ಉಳಿದಿವೆ. ಹೆಂಡತಿ ಸಣ್ಣಪುಟ್ಟದ್ದಕ್ಕೂ ಅಳುತ್ತಾಳೆ. ಇನ್ನು ಮನೆಯಲ್ಲಿ ಮಗುವಿಗೆ ಬಜೆ ತೇಯ್ದು ನೆಕ್ಕಿಸುವುದು, ಸಾಂಬ್ರಾಣಿ ಹೊಗೆ, ಎಲ್ಲ ನಡೆದಿದೆ. ನಾನು ಅಳಿಯ, ಬೇಡ ಅಂದರೆ ಮುಖ ದಪ್ಪವಾಗುತ್ತದೆ.

ಶಿಶುವಾರ್ಡ್_ಸಿಸ್ಟರ್:
ಹೆರಿಗೆಯಾದ ಎರಡು-ಮೂರನೇ ದಿನ ಶುರುವಾಗುವ ಅಳು ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ನಿಮ್ಮಲ್ಲಿ ಮೂರು ವಾರ ದಾಟಿದೆ, ಹಾಗಾಗಿ ಕಾಯಬೇಡಿ. ಮಗು ಮಲಗಿದಾಗಲೂ ಅವರಿಗೆ ನಿದ್ದೆ ಬರುವುದಿಲ್ಲವೇ, ಮಗುವನ್ನು ನೋಡಿದರೂ ಏನೂ ಅನ್ನಿಸುವುದಿಲ್ಲವೇ, "ನಾನಿಲ್ಲದಿದ್ದರೇ ಚೆನ್ನಾಗಿತ್ತು" ಎಂಬ ಮಾತು ಬಂದಿದೆಯೇ, ಮೆತ್ತಗೆ ಕೇಳಿ. ಕೊನೆಯದಕ್ಕೆ ಹೌದೆಂದರೆ ಒಂಟಿಯಾಗಿ ಬಿಡದೆ ಅವತ್ತೇ ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಆರು ತಿಂಗಳು ಎದೆಹಾಲು, ಡಾಕ್ಟರು ಬರೆದ ಔಷಧಿ ಬಿಟ್ಟು ಬಾಯಿಗೆ ಬೇರೇನೂ ಹೋಗಬಾರದು, ಬಜೆಯೂ ಜೇನೂ ಸೇರಿ. ಹೊಗೆ ಎಳೆಯ ಶ್ವಾಸಕೋಶಕ್ಕೆ ಕೆಟ್ಟದ್ದು. ಮೈ ಬೆಚ್ಚಗಿಡಬೇಕು ಎನ್ನುವ ಅತ್ತೆಯವರ ಉದ್ದೇಶ ಸರಿಯಾದದ್ದೇ, ಅದಕ್ಕೆ ಎದೆಗೆ ಕಟ್ಟಿಕೊಳ್ಳುವುದನ್ನೇ ಮುಂದಿಡಿ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ತೋರಿಸಿ: 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಎದೆಗೆ ಕಟ್ಟಿಕೊಳ್ಳಿ, ಒಂದು ಗಂಟೆಯಲ್ಲಿ ಏರದಿದ್ದರೆ ಅಥವಾ 37.5 ಮುಟ್ಟಿದರೆ ಆಸ್ಪತ್ರೆ. ನಿಮಿಷಕ್ಕೆ 60 ಉಸಿರು ಮುಟ್ಟಿದರೂ, ಹಾಲು ಬೇಡವೆಂದರೂ ಅಷ್ಟೇ. ಬಜೆಯ ಮಾತು ನೀವು ಎತ್ತಬೇಡಿ. 28ನೇ ದಿನದ ಭೇಟಿಗೆ ಆಶಾ ಕಾರ್ಯಕರ್ತೆ ಬರುತ್ತಾರೆ, ಅತ್ತೆಯವರು ಎದುರಿಗಿದ್ದಾಗ ಏನೂ ಗೊತ್ತಿಲ್ಲದವರಂತೆ ಆ ಕಾರ್ಯಕರ್ತೆಯನ್ನೇ ಕೇಳಿ.