ಫರ್ಡಿನಾಂಡ್ 1/35: ಬಿಡಿ ಕೊಂಡಿಗಳ ಟ್ರ್ಯಾಕ್ ಮುರಿಯುತ್ತಿದೆ

ಪ್ರಶ್ನೆ: 1943ರ ಕುರ್ಸ್ಕ್ ಕದನದ ಜರ್ಮನ್ ಟ್ಯಾಂಕ್-ನಾಶಕ ಗಾಡಿ ಫರ್ಡಿನಾಂಡ್‌ನ 1/35 ಅಳತೆಯ ಪ್ಲಾಸ್ಟಿಕ್ ಮಾದರಿ ಕಟ್ಟುತ್ತಿದ್ದೇನೆ. ಕೊಂಡಿಗಳನ್ನು ಅಂಟಿಸಿ ಚಕ್ರಕ್ಕೆ ಸುತ್ತುವಾಗ ಟ್ರ್ಯಾಕ್ ತುಂಡಾಗುತ್ತದೆ. ಜಿಮರಿಟ್ (ಅಯಸ್ಕಾಂತದ ಸಿಡಿಗುಂಡು ಅಂಟದಂತೆ ಬಳಿಯುತ್ತಿದ್ದ) ಲೇಪನವೂ ಬೇಕೇ?

ಉತ್ತರ 1: ಅಂಟು ಪೂರ್ತಿ ಒಣಗಿದ ಮೇಲೆ ಸುತ್ತಿದರೆ ಮುರಿಯದೆ ಇರದು ಸರ್. ಸ್ಕೇಲಿನ ಅಂಚಿಗೆ ಟೇಪ್ ಹಾಕಿ, ಅದರ ಮೇಲೆ 10–12 ಕೊಂಡಿ ಜೋಡಿಸಿ, ಸಂದುಗಳಿಗೆ ತೆಳು ಸಿಮೆಂಟ್ (ಪ್ಲಾಸ್ಟಿಕ್ ಅಂಟು) ಸೋಕಿಸಿ. ಸುಮಾರು 20–30 ನಿಮಿಷಕ್ಕೆ, ಇನ್ನೂ ಬಾಗುವಾಗಲೇ ಸುತ್ತಿ. ಈ ಗಾಡಿಗೆ ಮೇಲಿನ ರೋಲರ್ ಇಲ್ಲ, ಟ್ರ್ಯಾಕ್ ಚಕ್ರಗಳ ಮೇಲೇ ಮಲಗಬೇಕು. ಸ್ಪಂಜು ತುರುಕಿ ಒತ್ತಿ, ರಾತ್ರಿಯಿಡೀ ಬಿಡಿ. ಹಲ್ಲಿನ ಚಕ್ರಗಳಿಗೆ ಅಂಟು ಬೇಡ. ಎರಡು ತುಂಡಾಗಿ ಬಿಚ್ಚಿ ಬಣ್ಣ ಹೊಡೆಯಬಹುದು.

ಉತ್ತರ 2: ಅದಕ್ಕೂ ಮುಂಚೆ ಗಾಡಿಯನ್ನು ಗಾಜಿನ ಮೇಲಿಟ್ಟು ನೋಡಿ. ಒಂದು ಬದಿಯ ಆರೂ ಚಕ್ರ ನೆಲ ಮುಟ್ಟದಿದ್ದರೆ ಟ್ರ್ಯಾಕ್ ಎಂದಿಗೂ ಸರಿ ಕೂರದು.

ಉತ್ತರ 3: ಕುರ್ಸ್ಕ್‌ಗಾದರೆ ಜಿಮರಿಟ್ ಖಂಡಿತ ಬೇಡ. ತಯಾರಾದದ್ದೇ 91, ಕದನದ ನಂತರ ಉಳಿದವನ್ನು 1944ರ ಆರಂಭದಲ್ಲಿ ನವೀಕರಿಸಿದಾಗ ಲೇಪನ, ಮುಂಭಾಗದ ಮಷಿನ್‌ಗನ್, ಕಮಾಂಡರನ ಗೋಪುರ ಬಂದವು. ಕಿಟ್‌ನಲ್ಲಿ ಆ ಭಾಗಗಳಿದ್ದರೂ ಹಾಕಬೇಡಿ.