ಅಪ್ಪ 'ಒನ್ ಪೀಸ್' ಲೈವ್ ಆ್ಯಕ್ಷನ್ ನೋಡಿ ಮುಗಿಸಿದರು. ಈಗ ಅನಿಮೆ ಎಲ್ಲಿಂದ ತೋರಿಸಲಿ?

ಬೈತಖೋಲದ ಹುಡುಗಿ, ಕಾರವಾರ

ನಮ್ಮಪ್ಪ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಅಲ್ವಾ, 61 ದಿನ ಮನೆಯಲ್ಲೇ. ಬಲೆ ರಿಪೇರಿ ಮುಗಿದ ಮೇಲೆ ಟಿವಿ ರಿಮೋಟ್ ಅವರದ್ದೇ. ನಾನು ಹೈಸ್ಕೂಲಿನಿಂದ 'ಒನ್ ಪೀಸ್' ಅನಿಮೆ (ಕಡಲ್ಗಳ್ಳರ ಕತೆಯ ಜಪಾನಿ ಕಾರ್ಟೂನ್ ಸರಣಿ) ನೋಡುತ್ತಿದ್ದೇನೆ. "ಇನ್ನೂ ಕಾರ್ಟೂನಾ?" ಅಂತ ಕೇಳಿ ಎದ್ದು ಹೋಗುವುದು ಬಿಟ್ಟರೆ ಅಪ್ಪ ಅದಕ್ಕೆ ಒಂದು ನಿಮಿಷ ಕೊಟ್ಟವರಲ್ಲ.

ಈ ಸಲ ಮಳೆ ಜೋರಿತ್ತು, ಹೊರಗೆ ಹೋಗುವ ಹಾಗಿರಲಿಲ್ಲ. ನಾನು ನೆಟ್‌ಫ್ಲಿಕ್ಸ್‌ನಲ್ಲಿ ಅದರ ಲೈವ್ ಆ್ಯಕ್ಷನ್ (ನಿಜವಾದ ನಟರು ಮಾಡಿದ್ದು) ಹಾಕಿದೆ, ಹಿಂದಿಯಲ್ಲಿ. 2023ರ ಆಗಸ್ಟ್ 31ಕ್ಕೆ ಬಂತಲ್ಲ, ಅದೇ ಮೊದಲ ಸೀಸನ್, 8 ಎಪಿಸೋಡು. ಶುರುವಿನಲ್ಲೇ ನಾಯಕ ಲೂಫಿಯ ದೋಣಿ ತೂತಾಗಿ ಮುಳುಗುತ್ತದೆ. ಅಪ್ಪ ಚಹಾ ಲೋಟ ಕೆಳಗಿಟ್ಟರು. "ನೀರು ಒಳಗೆ ಬರ್ತಾ ಇದೆ, ಇವನು ನಗ್ತಾನಲ್ಲ!"

ಅಷ್ಟೇ, ಕೂತೇಬಿಟ್ಟರು. ಒಂದು ಮಾಯದ ಹಣ್ಣು ತಿಂದದ್ದಕ್ಕೆ ಲೂಫಿಗೆ ಈಜಲು ಆಗುವುದಿಲ್ಲ ಅಂತ ಹೇಳಿದೆ. ಹಾಗಾದರೆ ಇವನೆಂಥ ತಾಂಡೇಲ ಅಂತ ನಗುತ್ತಾರೆ ಅಂದುಕೊಂಡಿದ್ದೆ. "ನಮ್ಮ ಬೋಟಿನಲ್ಲಿ ಎಂಜಿನ್ ನೋಡುವವನಿಗೂ ಈಜು ಬರಲ್ಲ. ಹನ್ನೆರಡು ವರ್ಷ ಆಯ್ತು, ಇದ್ದಾನೆ" ಅಂದರು. ಹಡಗಿನ ಮೂತಿಗೆ ಕುರಿ ತಲೆ ಯಾಕೆ ಅಂತ ಮಾತ್ರ ಮೂರು ಸಲ ಕೇಳಿದರು. ಕೇಪ್‌ಟೌನ್‌ನಲ್ಲಿ ಆ ಹಡಗಿನ ಸೆಟ್ಟನ್ನು ಪೂರ್ತಿ ಅಳತೆಯಲ್ಲೇ ಕಟ್ಟಿದ್ದರು ಅಂದಾಗ ಟಿವಿ ಹತ್ತಿರ ಹೋಗಿ ಹಗ್ಗ ಕಟ್ಟಿದ್ದು ಸರಿ ಇದೆಯಾ ಅಂತ ನೋಡಿದರು.

ನನಗೆ ಮಾತ್ರ ಎರಡನೇ ಸಲವೂ ಅರ್ಧ ಖುಷಿ, ಅರ್ಧ ಕಿರಿಕಿರಿ. ಲೂಫಿಯ ಜೊತೆಗಾರ ಉಸೋಪ್‌ನ ಉದ್ದ ಮೂಗು ಇಲ್ಲ. ಅಡುಗೆಯವ ಸಾಂಜಿಯ ಸುರುಳಿ ಹುಬ್ಬು ಇಲ್ಲ. ಖಳನಾಯಕ ಡಾನ್ ಕ್ರೀಗ್ ಹೀಗೆ ಬಂದು ಹಾಗೆ ಹೋದ. ಅನಿಮೆಯಲ್ಲಿ ಸುಮಾರು 45 ಎಪಿಸೋಡು ಹಿಡಿದ ಕತೆ ಎಂಟರಲ್ಲಿ ಮುಗಿಯಿತು.

ಆದರೆ ಲೂಫಿಯ ಜೊತೆಗಾತಿ ನಾಮಿ ಅಳುವ ಜಾಗ ಬಂತು ನೋಡಿ. ಊರನ್ನು ಬಿಡಿಸಿಕೊಳ್ಳಲು ಹತ್ತು ಕೋಟಿ ಬೆರಿ (ಆ ಕತೆಯ ದುಡ್ಡು) ಕೂಡಿಸಬೇಕು ಅಂತ ವರ್ಷಗಟ್ಟಲೆ ಕದ್ದು ಉಳಿಸಿದ್ದನ್ನು ಹೊತ್ತೊಯ್ಯುತ್ತಾರಲ್ಲ, ಅಲ್ಲಿ. ಅಪ್ಪ ಮಾತಾಡಲಿಲ್ಲ. ಬೋಟಿನ ಸಾಲ ಏನು ಅಂತ ನಮ್ಮ ಮನೆಯಲ್ಲಿ ಯಾರೂ ಬಿಡಿಸಿ ಹೇಳಬೇಕಿಲ್ಲ. ಲೂಫಿ ತನ್ನ ಹುಲ್ಲಿನ ಟೋಪಿಯನ್ನು ಅವಳ ತಲೆಗೆ ಇಟ್ಟಾಗ ನೀರು ಕುಡಿಯೋಕೆ ಅಂತ ಎದ್ದು ಹೋದರು. ಬರುವುದು ತಡವಾಯಿತು.

ಈಗ "ಮುಂದೆ ಏನಾಗ್ತದೆ?" ಅಂತ ದಿನಾ ಕೇಳುತ್ತಿದ್ದಾರೆ. ಅನಿಮೆ ಸಾವಿರ ಎಪಿಸೋಡು ದಾಟಿದೆ. ಎಲ್ಲಿಂದ ಶುರು ಮಾಡಿಸಲಿ? ಮತ್ತೆ ಒಂದು ಅನುಮಾನ. ನಾನು ಕಿರಿಕಿರಿ ಪಟ್ಟದ್ದೆಲ್ಲ ಸುಮ್ನೆ ಹಟವಾ?

ಚೌಕಿಮನೆ, ಶಿರಸಿ

ತಂಗೀ, ಹಟ ಅಲ್ಲ. ನಾನು ಯಕ್ಷಗಾನದ ಹವ್ಯಾಸಿ ವೇಷಧಾರಿ, ಆ ಕಡೆಯಿಂದ ಹೇಳುತ್ತೇನೆ. ಕೇದಗೆ ಮುಂದಲೆ ಕಟ್ಟಿ, ಬಣ್ಣ ಹಚ್ಚಿಕೊಂಡು ಚೌಕಿಯ (ವೇಷ ಕಟ್ಟುವ ಕೋಣೆಯ) ಟ್ಯೂಬ್‌ಲೈಟ್ ಕೆಳಗೆ ಚಹಾ ಕುಡಿಯುತ್ತ ಕನ್ನಡಿ ನೋಡಿದರೆ ನನಗೇ ನಗು ಬರುತ್ತದೆ. ಅದೇ ವೇಷ ಚಂಡೆ ಪೆಟ್ಟಿಗೆ ರಂಗಕ್ಕೆ ಬಂದರೆ ಯಾರೂ ನಗುವುದಿಲ್ಲ. ವೇಷವನ್ನು ಹೊತ್ತುಕೊಳ್ಳುವುದು ಚಂಡೆ ಮತ್ತು ಭಾಗವತರ ಪದ.

ಅನಿಮೆಗೂ ಅದರದ್ದೇ ಚಂಡೆ ಇದೆ. ಸೆಕೆಂಡಿಗೆ 24 ಫ್ರೇಮು ಹೌದು, ಆದರೆ ಒಂದೇ ಚಿತ್ರವನ್ನು ಮೂರು ಫ್ರೇಮ್ ಹಿಡಿದಿಡುವುದು ಮಾಮೂಲು. ಅಂದರೆ ಸೆಕೆಂಡಿಗೆ 8 ಚಿತ್ರ. ಎಷ್ಟೋ ಸಲ ಮೈ ಪೂರ್ತಿ ನಿಂತಿರುತ್ತದೆ, ಬಾಯಿ ಮಾತ್ರ ಆಡುತ್ತದೆ. ಆ ನಿಲುವಿನಲ್ಲೇ ಉದ್ದ ಮೂಗು, ಸುರುಳಿ ಹುಬ್ಬು ಎಲ್ಲ ನಡೆಯುತ್ತದೆ. ನಿಜವಾದ ಮನುಷ್ಯ ಹಾಗೆ ನಿಲ್ಲಲಾರ, ಉಸಿರಾಡುತ್ತಾನೆ, ರೆಪ್ಪೆ ಬಡಿಯುತ್ತಾನೆ. ಅವನಿಗೆ ಆ ಮೂಗು ಅಂಟಿಸಿದರೆ ಚೌಕಿಯಲ್ಲಿ ಚಹಾ ಕುಡಿದ ಹಾಗೆ.

ಬಗ್ಗಿಯ ಕೆಂಪು ಮೂಗು ಉಳಿಸಿಕೊಂಡಿದ್ದಾರೆ, ಗಮನಿಸಿದ್ರಾ? ಅವನು ಕೋಡಂಗಿ. ಕತೆಯ ಒಳಗೇ ವೇಷ ಹಾಕಿದವನು. ಅದಕ್ಕೇ ಒಗ್ಗುತ್ತದೆ. ಯಾವುದನ್ನು ಬಿಡಬೇಕು ಅಂತ ತಲೆ ಓಡಿಸಿದವರು ಇವರು.

ಕುಮಟಾದಿಂದ ಒಬ್ಬ

ಅಷ್ಟೆಲ್ಲ ಹೊಗಳಬೇಡಿ ಮಾರಾಯ್ರೆ. ನೌಕಾಸೇನೆಯ ಗಾರ್ಪ್ ಲೂಫಿಯ ಅಜ್ಜ ಅನ್ನುವುದು ಮೂಲ ಮಾಂಗಾದಲ್ಲಿ (ಜಪಾನಿ ಕಾಮಿಕ್ಸ್‌ನಲ್ಲಿ) ಎಷ್ಟೋ ಕಾಲದ ನಂತರ ಗೊತ್ತಾಗುವ ವಿಷಯ. ಇಲ್ಲಿ ಮೊದಲ ಸೀಸನ್‌ನಲ್ಲೇ ಹೇಳಿ ಮುಗಿಸಿದರು. ಓದಿದವರ ಹೊಟ್ಟೆ ಉರಿಯದೆ ಇರ್ತದಾ?

ಹಾಗಂತ ಇದ್ದದ್ದನ್ನೇ ಹಾಗೇ ತಂದರೂ ಉಳಿಯಲ್ಲ. 'ಕೌಬಾಯ್ ಬೀಬಾಪ್' ನೋಡಿ. 1998ರ ಅನಿಮೆ, 26 ಎಪಿಸೋಡು. 2021ರ ನವೆಂಬರ್ 19ಕ್ಕೆ ಲೈವ್ ಆ್ಯಕ್ಷನ್ ಬಂತು, 10 ಎಪಿಸೋಡು. ಸಂಗೀತ ಅದೇ ಯೋಕೊ ಕಾನ್ನೊ ಅವರದ್ದು. ಬಟ್ಟೆಬರೆ ಅದೇ ತರಹ. ಒಂದು ತಿಂಗಳು ತುಂಬುವ ಮೊದಲೇ ನಿಲ್ಲಿಸಿದರು. ನನ್ನ ಲೆಕ್ಕದಲ್ಲಿ ಕೆಟ್ಟದ್ದು ಎಲ್ಲಿ ಅಂದರೆ, ಅನಿಮೆಯಲ್ಲಿ ಖಳನಾಯಕ ವಿಶಸ್ ಬರುವುದೇ ಅಪರೂಪ. ಬಾರದೆ ಇದ್ದಾಗಲೇ ಅವನ ಭಯ ಜಾಸ್ತಿ. ಇಲ್ಲಿ ಅವನ ಮನೆ ಜಗಳ, ಅಪ್ಪನ ಜೊತೆ ಕಿತ್ತಾಟ ಎಲ್ಲ ತೋರಿಸಿ ಪಕ್ಕದ ಮನೆಯವನ ಹಾಗೆ ಮಾಡಿಟ್ಟರು.

ಬೈತಖೋಲದ ಹುಡುಗಿ, ಕಾರವಾರ

ಬೀಬಾಪ್ ವಿಷಯ ಒಪ್ಪಿದೆ. ಗಾರ್ಪ್ ವಿಷಯದಲ್ಲಿ ಮಾತ್ರ ಇಲ್ಲ. "ಅಜ್ಜನೇ ಮೊಮ್ಮಗನನ್ನು ಹಿಡಿಯೋಕೆ ಬಂದಿದ್ದಾನೆ" ಅಂತ ಗೊತ್ತಾದ ಮೇಲೆಯೇ ಅಪ್ಪ ನೌಕಾಸೇನೆಯ ಸೀನ್‌ಗಳನ್ನು ಗಮನ ಕೊಟ್ಟು ನೋಡಿದ್ದು. ಅಲ್ಲಿಯವರೆಗೆ ಆ ಹೊತ್ತಿಗೆ ಬೀಡಿ ಹುಡುಕುತ್ತಿದ್ದರು.

ಮೂಲ ಲೇಖಕ ಐಚಿರೊ ಓಡಾ ತನಗೆ ತೃಪ್ತಿ ಆಗುವವರೆಗೆ ಬಿಡುಗಡೆ ಮಾಡಬಾರದು ಅಂತ ಕೂತಿದ್ದರಲ್ಲ. 1997ರಿಂದ ಬರೆಯುತ್ತಿರುವ ಮನುಷ್ಯನೇ ಒಪ್ಪಿಕೊಂಡು ಬದಲಾಯಿಸಿದ್ದು. ಮೂಗಿನ ಜಗಳ ಬಿಟ್ಟೆ, ಚೌಕಿಮನೆ ಅಣ್ಣ. ಕ್ರೀಗ್ ಜಗಳ ಬಿಡಲ್ಲ.

ಅಂಕೋಲಾ ಶೆಟ್ಲಿ

ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲವಲ್ಲ! ಒಂದನೇ ಎಪಿಸೋಡಿನಿಂದ ಹಾಕಬೇಡಿ. 1999ರ ಚಿತ್ರ, ಅಪ್ಪ ಮತ್ತೆ ಕಾರ್ಟೂನ್ ಅಂತ ಎದ್ದು ಹೋಗ್ತಾರೆ. ನಾಮಿಯ ಊರಿನ ಕತೆ ಬರುವ ಆರ್ಲಾಂಗ್ ಪಾರ್ಕ್ ಭಾಗ ತೋರಿಸಿ, 31ರಿಂದ 44. ಕತೆ ಗೊತ್ತಿರುವುದರಿಂದ ಚಿತ್ರಕ್ಕೆ ಕಣ್ಣು ಒಗ್ಗುತ್ತದೆ. ಆಮೇಲೆ 45ರಿಂದ ಮುಂದೆ.

ಬೈತಖೋಲದ ಹುಡುಗಿ, ಕಾರವಾರ

ಹಾಗೇ ಮಾಡಿದೆ. ಜಪಾನಿ ಮಾತು, ಇಂಗ್ಲಿಷ್ ಸಬ್‌ಟೈಟಲ್. ಅಪ್ಪನಿಗೆ ಇಂಗ್ಲಿಷ್ ಬರಲ್ಲ. ಪ್ರತಿ ಸಾಲನ್ನೂ ನಾನು ಕೊಂಕಣಿಯಲ್ಲಿ ಹೇಳುತ್ತ ಹೋದೆ, ಗಂಟಲು ಒಣಗಿತು. ಮೊದಲ ಎರಡು ಎಪಿಸೋಡು "ಬಾಯಿ ಯಾಕೆ ಇಷ್ಟು ದೊಡ್ಡದು?" ಅಂತ ಗೊಣಗಿದರು. 37ಕ್ಕೆ ಬಂದಾಗ, ಟೋಪಿಯ ಸೀನ್‌ನಲ್ಲಿ, ನಾನು ಅನುವಾದ ಶುರು ಮಾಡಿದೆ. "ನೀ ಸುಮ್ಮನಿರು" ಅಂದರು.

ಆಗಸ್ಟ್ 1ಕ್ಕೆ ಬೋಟು ಇಳಿಯಿತು. ಹಿಂದಿನ ರಾತ್ರಿ ಫೋನ್ ಕೊಟ್ಟು, 45ರಿಂದ ಹತ್ತು ಎಪಿಸೋಡು ಡೌನ್‌ಲೋಡ್ ಮಾಡಿಕೊಡು ಅಂದರು. ಸಮುದ್ರದಲ್ಲಿ ಸಬ್‌ಟೈಟಲ್ ಯಾರು ಓದಿ ಹೇಳ್ತಾರೆ ಅಂತ ಕೇಳಿದೆ. ಎಂಜಿನ್ ನೋಡುವವನು ಪಿಯುಸಿವರೆಗೆ ಓದಿದ್ದಾನಂತೆ.